ನೆರಳು ಬಿದ್ದದ್ದೆಲ್ಲ ದಿವಾನರದು

ನಮ್ಮೂರಿನಲ್ಲಿ ಮದುವೆಗಳು ಆಷಾಢದಲ್ಲಿ ಆಗುತ್ತವೆ. ಪರವೂರಿನ ಬೀಗರು ಮೊದಲ ಸಲ ಈ ಮಾತು ಕೇಳಿದಾಗ ಎದೆ ಹಿಡಿದುಕೊಳ್ಳುತ್ತಾರೆ. "ಏನ್ರೀ ಇದು, ಆಷಾಢದಾಗ ಅಕ್ಕಿಕಾಳು ಹಾಕ್ತೀರಾ?" ಎಂದು ಪಂಚಾಂಗ ತೆಗೆದು ಮುಂದಿಡುತ್ತಾರೆ. ನಾವು ಅವರೊಂದಿಗೆ ವಾದಕ್ಕೆ ಇಳಿಯುವುದಿಲ್ಲ. ಸುಮ್ಮನೆ ಚೌಕಕ್ಕೆ ಕರೆದುಕೊಂಡು ಹೋಗಿ ಪರಸಪ್ಪನ ಮಗಳ ಮದುವೆಯ ಹಂದರ ತೋರಿಸುತ್ತೇವೆ. ಅದು ವೈಶಾಖದ ಒಳ್ಳೆಯ ಮುಹೂರ್ತ ನೋಡಿ ಹಾಕಿದ ಹಂದರ. ಅವತ್ತು ಊಟ ತಡವಾಯಿತು, ಬೀಗರ ಕಡೆಯವರು ಇನ್ನೊಂದು ಹೋಳಿಗೆ ಕೇಳಿದರು, ಅಷ್ಟರಲ್ಲಿ ಚೌಕದ ದಿವಾನರ ಪುತ್ಥಳಿಯ ನೆರಳು ಬಂದು ಕಂಬಕ್ಕೆ ತಾಗಿತು. ಮುಗಿಯಿತು ಕಥೆ. ಮದುಮಗಳ ಮಕ್ಕಳು ಈಗ ಶಾಲೆಗೆ ಹೋಗುತ್ತಿದ್ದಾರೆ, ಹಂದರ ಇನ್ನೂ ನಿಂತಿದೆ. ತೆಂಗಿನ ಗರಿ ಒಣಗಿ ಉದುರಿವೆ. ಕಂಬಗಳಿವೆ, 'ಸುಸ್ವಾಗತ' ಎಂಬ ಬೋರ್ಡಿದೆ, ಕಂಬಕ್ಕೊಂದರಂತೆ ಸ್ಮಾರಕ ಖಾತೆಯ ನೀಲಿ ಬಿಲ್ಲೆ ಇದೆ.

ಕಾಯ್ದೆ ಬಹಳ ಸರಳ. ಸರ್ಕಾರಿ ಜಾಗದಲ್ಲಿ ಪುತ್ಥಳಿಯ ನೆರಳು ಯಾವುದರ ಮೇಲೆ ಬೀಳುತ್ತದೋ ಅದೂ ಪುತ್ಥಳಿಯೇ. ಪುತ್ಥಳಿಯನ್ನು ಕೀಳುವಂತಿಲ್ಲ, ಸರಿಸುವಂತಿಲ್ಲ, ಮುರಿಯುವಂತಿಲ್ಲ. ಜೀವ ಇರುವುದಕ್ಕೆ ಇದು ಅನ್ವಯಿಸದು ಎಂದು ಆಮೇಲೆ ತಿದ್ದುಪಡಿ ಬಂತು. ಅದು ಬರುವುದರೊಳಗೆ ಗೌಳಿಗರ ಎಮ್ಮೆಯೊಂದು ಚೌಕದಲ್ಲೇ ನಿಂತು ಕರು ಹಾಕಿ, ಆ ಕರುವೂ ದೊಡ್ಡದಾಗಿ, ತಾಯಿ ಮಗಳಿಬ್ಬರೂ ಬಿಲ್ಲೆ ಕಟ್ಟಿಕೊಂಡು ಮೆಲುಕು ಹಾಕುತ್ತಿದ್ದರು. ಈಗಲೂ ನೀವು ಬಂದರೆ ಚೌಕದಲ್ಲಿ ತುಕ್ಕು ಹಿಡಿದ ಅಂಚೆಯವನ ಸೈಕಲ್ಲು, ಯಾರದೋ ಒಂದು ಜೊತೆ ಚಪ್ಪಲಿ, ಹಗ್ಗ ಕಡಿದ ಹೊರಸು ಮಂಚ, ಎಲ್ಲವನ್ನೂ ನೋಡಬಹುದು. ಸಂಜೆಯಾಗುತ್ತಲೇ ನೆರಳಿನ ಕಾವಲುಗಾರ ದಾವಲಸಾಬ ಸೀಟಿ ಊದುತ್ತಾನೆ. ಕಾಯಿಪಲ್ಲೆಯವರು ಬುಟ್ಟಿ ಎತ್ತುತ್ತಾರೆ, ಕಬ್ಬಿನ ಹಾಲಿನವನು ಗಾಡಿ ನೂಕುತ್ತಾನೆ, ಕಟ್ಟೆಯ ಮೇಲೆ ಹರಟುತ್ತಿದ್ದವರು ಮೊದಲು ಚಪ್ಪಲಿ ಹುಡುಕುತ್ತಾರೆ. ಮೋಡ ಕವಿದ ದಿನ ನೆರಳಿಲ್ಲ, ಸೀಟಿಯಿಲ್ಲ, ಕಾಯ್ದೆಯಿಲ್ಲ. ಅಂಥ ದಿನ ನಮ್ಮೂರು ಹಬ್ಬದಂತಿರುತ್ತದೆ. ಮದುವೆಗೆ ಮೋಡ ಬೇಕು, ಮೋಡ ಬರುವುದು ಆಷಾಢದಲ್ಲಿ. ಪಂಚಾಂಗದವರು ಏನಾದರೂ ಬರೆದುಕೊಳ್ಳಲಿ.

ನಾನು ಈ ಊರಿನಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವವನು, ಹೆಸರು ಈರಭದ್ರ. ಮದುವೆ, ನಾಮಕರಣ, ಪ್ರತಿಭಟನೆ, ಪ್ರತಿಭಟನೆಯ ವಿರುದ್ಧ ಪ್ರತಿಭಟನೆ, ಏನೇ ಇದ್ದರೂ ಮೊದಲು "ಹಲೋ, ಹಲೋ, ಮೈಕ್ ಚೆಕ್" ಅನ್ನುವವನು ನಾನೇ. ಶಾಲೆಗೆ ಹೋದದ್ದು ಕಡಿಮೆ, ಭಾಷಣ ಕೇಳಿದ್ದು ಬಹಳ. ಕಾಯ್ದೆಯ ಕಲಮುಗಳೆಲ್ಲ ನನಗೆ ಬಾಯಿಪಾಠವಾಗಿರುವುದು ಹಾಗೆಯೇ. ಆದರೆ ನಾನು ಹೇಳಹೊರಟಿರುವುದು ನನ್ನ ಕಥೆಯಲ್ಲ, ರೊಟ್ಟಿ ಹುಲಿಗೆವ್ವನದು.

ಚೌಕದ ನಡುವೆ ನಿಂತಿರುವವರು ದಿವಾನ್ ಮಾರ್ತಂಡರಾಯರು. ಕರಿಕಲ್ಲು, ಪೇಟ, ಹುರಿ ಮೀಸೆ, ಬಲಗೈ ಮುಂದಕ್ಕೆ ಚಾಚಿದೆ. ಆ ಕೈ ಏನು ಹೇಳುತ್ತಿದೆ ಎಂಬುದಕ್ಕೆ ಭಾಷಣಕ್ಕೊಂದು ಅರ್ಥವಿದೆ. ಒಬ್ಬರು ಅಭಯ ಅಂದರು, ಇನ್ನೊಬ್ಬರು ದಾನ ಅಂದರು, ಹೋದ ವರ್ಷ ಬಂದ ಮಂತ್ರಿಗಳು ಅಭಿವೃದ್ಧಿಯ ದಾರಿ ತೋರಿಸುತ್ತಿದೆ ಅಂದರು. ಹುಲಿಗೆವ್ವನನ್ನು ಕೇಳಿದರೆ, "ಅಲ್ಲೇ ನಿಂದ್ರು ಅಂತ ಹೇಳಾಕತ್ತಾನ" ಅನ್ನುತ್ತಾಳೆ. ಪೀಠದ ಮೇಲೆ 'ಬಾಯಾರಿದವರ ಬಂಧು, ಜಲದಾತ' ಎಂದು ಕೊರೆದಿದೆ. ಜಲದಾತರ ಈ ಪೀಠವನ್ನು ಕಟ್ಟಿರುವುದು ಊರಿಗಿದ್ದ ಒಂದೇ ಹಳೆಯ ಬಾವಿಯನ್ನು ಮುಚ್ಚಿ, ಅದರ ಬಾಯಿಯ ಮೇಲೆ.

ಹುಲಿಗೆವ್ವನ ಮನೆ ಚೌಕದ ಮೂಡಣ ಅಂಚಿನಲ್ಲಿ, ದಿವಾನರ ಎದುರಿಗೇ ಇದೆ. ಚೌಕದ ಕಡೆಗೆ ಒಂದು ಇಟ್ಟಿಗೆ ಗೋಡೆ, ಉಳಿದ ಮೂರು ಕಡೆ ತಗಡು. ಜಾಗ ಸರ್ಕಾರದ್ದು. ಅವಳ ಅವ್ವ ಅಲ್ಲಿ ಒಲೆ ಹೂಡಿದ್ದಳು, ಇವಳು ಅದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದು ಮಗಳ ಮದುವೆ ಮಾಡಿದಳು. ಸಂಜೆ ಹೊತ್ತು ಬಸ್‌ಸ್ಟ್ಯಾಂಡಿನ ಹಮಾಲರು, ಪುರಸಭೆಯ ಗುಮಾಸ್ತರು, ಹಾಸ್ಟೆಲಿನ ಹುಡುಗರು ಎಲ್ಲ ಅವಳ ಖಡಕ್ ರೊಟ್ಟಿಗೆ ಸಾಲು ನಿಲ್ಲುತ್ತಾರೆ. ಪಡುವಣದಲ್ಲಿ ಪುರಸಭೆಯ ಕಟ್ಟಡವಿದೆಯಲ್ಲ, ಸೂರ್ಯ ಅದರ ಹಿಂದೆ ಇಳಿದ ಕೂಡಲೇ ನೆರಳು ಕರಗಿಹೋಗುತ್ತದೆ. ಅಷ್ಟರಲ್ಲಿ ದಿವಾನರ ತಲೆ ಉದ್ದವಾಗುತ್ತ ಬಂದು ಹುಲಿಗೆವ್ವನ ಬಾಗಿಲ ಕಲ್ಲಿನ ಹತ್ತಿರ ನಿಲ್ಲುತ್ತಿತ್ತು, ಮುಟ್ಟುತ್ತಿರಲಿಲ್ಲ. "ನಮ್ಮ ಮನಿ ಮುಟ್ಟಿದ್ರ ಮೈಲಿಗಿ ಆದೀತಂತ ಅಲ್ಲಿಗೇ ನಿಂದ್ರತಾನ ನೋಡು ತಮ್ಮಾ" ಎಂದು ಅವಳು ನನ್ನ ಕಡೆ ನೋಡಿ ನಗುತ್ತಿದ್ದಳು.

ಅವಳ ಮನೆಯ ಮೂಲೆಯಲ್ಲಿ ಒಂದು ತಾಮ್ರದ ಕೊಡ ಇತ್ತು. ಒಂದು ಬದಿ ತಗ್ಗಾಗಿದ್ದ ಹಳೆಯ ಕೊಡ. ಅದು ಅವಳ ಆಯಿ, ಅಂದರೆ ಅಜ್ಜಿ, ಸಾಂವಕ್ಕನದು. ಆಯಿಯ ಕಥೆಯನ್ನು ಹುಲಿಗೆವ್ವ ರೊಟ್ಟಿ ಬಡಿಯುತ್ತಲೇ ಹೇಳುತ್ತಿದ್ದಳು. ಕೈ ಎಲ್ಲೂ ನಿಲ್ಲುತ್ತಿರಲಿಲ್ಲ, ಸಿಟ್ಟು ಬಂದ ಕಡೆ ಬಡಿತ ಜೋರಾಗುತ್ತಿತ್ತು ಅಷ್ಟೇ.

"ನಮ್ಮ ಓಣ್ಯಾವ್ರು ಆ ಬಾವಿ ಹಗ್ಗ ಮುಟ್ಟಂಗಿದ್ದಿಲ್ಲ. ಮ್ಯಾಲಿನವ್ರು ಹುಯ್ದಷ್ಟು ಹುಯ್ಸಿಕೊಂಡು ಬರಬೇಕು. ನಮ್ಮ ಆಯಿ ಹೊಸದಾಗಿ ಲಗ್ನಾಗಿ ಬಂದಾಕಿ, ಒಂದಿನ ತಾನ ಸೇದಿಕೊಂಡು ಕೊಡ ತುಂಬಿದ್ಲು. ಈ ನಿನ್ನ ಜಲದಾತ ನೋಡಿದ. ಬೈಲಿಲ್ಲ, ಹೊಡೀಲಿಲ್ಲ. 'ಅಷ್ಟು ನೀರು ಬೇಕಾಗಿತ್ತಾ? ಹೊತ್ತುಕೊಂಡು ಅಲ್ಲೇ ನಿಂದ್ರು' ಅಂದ. ಬಾವಿ ಮುಂದ, ಬಿಸಿಲಾಗ. ಬಾಜೂಕ ಒಬ್ಬ ಆಳನ್ನ ಬಾರಕೋಲು ಕೊಟ್ಟು ನಿಲ್ಲಿಸಿದ. 'ತುಳುಕಿತಂದ್ರ ಹಾಕು' ಅಂದ. ಹೊತ್ತು ಮುಳುಗೂತನಾ ನಿಂತ್ಲು ನಮ್ಮ ಆಯಿ. ಆ ಆಳು ಪಾಪ, 'ತುಳುಕೀತು ತಂಗೀ, ಹುಷಾರು' ಅಂತ ಸಣ್ಣಗೆ ಹೇಳಿಕೋತ ನಿಂತಿದ್ನಂತ. ಅವತ್ತು ವಾಲಿದ ಕುತ್ತಿಗಿ ಸಾಯೂತನಾ ನೆಟ್ಟಗಾಗ್ಲಿಲ್ಲ. ನಾ ಹುಟ್ಟಿದ ಮ್ಯಾಲೂ ನೋಡೀನಿ, ಒಂದು ಕಡೆ ವಾಲಿಸೇ ಮಾತಾಡಾಕಿ."

ಈ ಪುತ್ಥಳಿಯನ್ನು ತೆಗೆಯಬೇಕೆಂದು ಹುಲಿಗೆವ್ವ ಎಷ್ಟು ಸಲ ಅರ್ಜಿ ಕೊಟ್ಟಳೋ ಲೆಕ್ಕವಿಲ್ಲ. ಮಾತಿಗೆ ಇರಲಿ ಎಂದು ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದಳು. ಸ್ಮಾರಕ ಖಾತೆಯ ಪ್ರಹ್ಲಾದ ಸಾಹೇಬರು ಒಳ್ಳೆಯ ಮನುಷ್ಯರು. ಇಲ್ಲ ಎಂಬುದನ್ನೂ ಚಹಾ ಕುಡಿಸಿಯೇ ಹೇಳುತ್ತಿದ್ದರು.

"ನಿಮ್ಮ ಆಯಿಯವರಿಗೆ ಆಗಿದ್ದು ನೋವಿನ ವಿಷಯ ಹುಲಿಗೆವ್ವ. ನನಗೂ ಕೇಳಿದ್ರ ಕರುಳು ಚುರ್ ಅಂತದ."

"ಮತ್ತ ತೆಗೀರಲ್ರಿ ಅವನ್ನ."

"ಅಲ್ಲೇ ಇರೋದು ತೊಂದ್ರಿ. ಕಾಯ್ದೆ ರಕ್ಷಣಾ ಕೊಡೋದು ಸರ್ಕಾರಿ ಜಾಗಾದಾಗ ಇರೋದಕ್ಕ. ದಿವಾನರು ಸರ್ಕಾರಿ ಜಾಗಾದಾಗ ಇದ್ದಾರ. ನಿಮ್ಮ ಆಯಿಯವರು ಎಲ್ಲಿದ್ದಾರ ಹೇಳ್ರಿ?"

"ಸತ್ತು ಮಣ್ಣಾಗ್ಯಾಳ್ರಿ."

"ನೋಡ್ರಿ ಮತ್ತ. ನಿಮ್ಮ ನೋವು ನಿಮ್ಮ ಖಾಸಗಿ ಆಸ್ತಿ. ಅದಕ್ಕ ನಾವು ಕೈ ಹಾಕೋ ಹಂಗಿಲ್ಲ."

ಅಷ್ಟು ಅಚ್ಚುಕಟ್ಟಾದ ಮಾತು ಕೇಳಿ, ಚಹಾ ಮುಗಿಸಿ ಎದ್ದು ಬರುತ್ತಿದ್ದೆವು. ದಾರಿಯಲ್ಲಿ ಹುಲಿಗೆವ್ವ, "ಚಾ ಮಾತ್ರ ಚೊಲೋ ಮಾಡಸ್ತಾನ" ಅನ್ನುತ್ತಿದ್ದಳು.

ಹೀಗಿರುವಾಗ ದಿವಾನರ ನೂರೈವತ್ತನೆಯ ಜಯಂತಿ ಬಂತು. ಜಯಂತಿ ಅಂದ ಮೇಲೆ ಸಮಿತಿ, ಸಮಿತಿ ಅಂದ ಮೇಲೆ ಕಂತ್ರಾಟದಾರ ಕಪ್ಪತಪ್ಪನವರೇ ಅಧ್ಯಕ್ಷರು. ಅವರಿಗೆ ಒಂದು ಹಳದಿ ಜೆಸಿಬಿ ಇದೆ, ಊರಿನ ಮೇಲೆ ಅಪಾರ ಪ್ರೀತಿಯಿದೆ. ಎರಡೂ ಜೊತೆಜೊತೆಗೇ ಓಡಾಡುತ್ತವೆ. ದಿವಾನರ ದರ್ಶನಕ್ಕೆ ಒಂದು ರೊಟ್ಟಿ ಅಂಗಡಿ ಅಡ್ಡ ಇರುವುದು ಊರಿಗೇ ಅವಮಾನ ಎಂದು ಸಮಿತಿ ಕಂಡುಕೊಂಡಿತು. ಅದನ್ನು ಕೆಡವಿ ಅಲ್ಲಿ ಉದ್ಯಾನ ಮಾಡುವುದು. ಉದ್ಯಾನಕ್ಕೆ ಬಂದವರು ಬರಿಗೈಯಲ್ಲಿ ಹೋಗಬಾರದಲ್ಲ, ಅದಕ್ಕಾಗಿ ಸುತ್ತ ಅಂಗಡಿ ಮಳಿಗೆ ಕಟ್ಟುವುದು. ಮಳಿಗೆಯ ಕಂತ್ರಾಟು ಯಾರಿಗೆ ಎಂದು ನೀವು ಕೇಳುವುದಿಲ್ಲ, ನಾನು ಹೇಳುವುದೂ ಇಲ್ಲ.

ಸಾಹೇಬರೂ ಕಪ್ಪತಪ್ಪನವರೂ ಹುಲಿಗೆವ್ವನ ಬಾಗಿಲಿಗೆ ಬಂದಾಗ ಅವಳು ಹಿಟ್ಟು ಕಲಸುತ್ತಿದ್ದಳು. ಜಯಂತಿಯ ಮರುದಿನ ಮನೆ ಖಾಲಿ ಮಾಡಬೇಕು ಎಂದರು.

"ಎಲ್ಲಿಗೆ ಹೋಗ್ಲಿ?"

"ಊರ ಹೊರಗ, ಕಲ್ಲಿನ ಕ್ವಾರಿ ಹಿಂದ ಜಾಗಾ ತೋರಸ್ತೀವಿ" ಅಂದರು ಕಪ್ಪತಪ್ಪನವರು. "ಗಾಳಿ ಮಸ್ತ್ ಬರ್ತದ ಅಲ್ಲಿ."

"ಗಾಳಿ ರೊಟ್ಟಿ ಕೊಳ್ತದೇನ್ರಿ ಗೌಡ್ರ? ಸಂಜಿ ಮುಂದ ಇಲ್ಲಿ ನಾಕು ಮಂದಿ ಬರ್ತಾರಂತ ನನ್ನ ಒಲಿ ಉರೀತದ. ಕ್ವಾರಿಗೆ ಯಾರು ಬರ್ತಾರ?"

"ದಿವಾನರ ಸಲುವಾಗಿ ಇಷ್ಟು ತ್ಯಾಗಾ ಮಾಡಾಕ ಆಗೂದಿಲ್ಲೇನವಾ?"

ಹುಲಿಗೆವ್ವ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡಳು. "ನಮ್ಮ ಮನಿತನದಾಗ ಅವನ ಸಲುವಾಗಿ ಆಯಿ ಒಬ್ಬಾಕಿ ಮಾಡಿದ್ದು ಸಾಕ್ರಿ" ಅಂದಳು. ಸಾಹೇಬರು ಕರುಳು ಚುರ್ ಅಂದವರ ಹಾಗೆ ಮುಖ ಮಾಡಿ ನೋಟೀಸಿಗೆ ಅವಳ ಹೆಬ್ಬಟ್ಟು ಒತ್ತಿಸಿಕೊಂಡರು.

ಆಮೇಲೆ ಅವಳು ಒಂದಷ್ಟು ದಿನ ನಗಲಿಲ್ಲ. "ಮಗಳ ಮನಿಗೆ ಹೋಗಿ ಕುಂದ್ರಬೇಕು ಅಷ್ಟ" ಅನ್ನುವಳು, ಮರುಕ್ಷಣವೇ "ಅಳಿಯನ ಮನ್ಯಾಗ ಹಿಟ್ಟು ಮುಟ್ಟಾಕ ಬೀಗ್ತಿನ್ನ ಕೇಳಬೇಕೋ ಈರಭದ್ರಾ" ಅನ್ನುವಳು. ರೊಟ್ಟಿಗೆ ಬಂದವರು "ಹೋಗಬ್ಯಾಡವಾ" ಅಂದು ಎರಡು ರೊಟ್ಟಿ ಜಾಸ್ತಿ ಕಟ್ಟಿಸಿಕೊಂಡು ಹೋಗುವರು. ಅದಕ್ಕಿಂತ ಹೆಚ್ಚಿನ ಹೋರಾಟ ನಮ್ಮೂರಿನಲ್ಲಿ ರೂಢಿಯಿಲ್ಲ.

ಜಯಂತಿಯ ಹೊತ್ತಿಗೆ ಸಮಿತಿಗೆ ಇನ್ನೊಂದು ಚಿಂತೆ ಹುಟ್ಟಿತು. ಪಕ್ಕದ ಊರಿನವರು ಹೊಸದಾಗಿ ನಿಲ್ಲಿಸಿದ ಪುತ್ಥಳಿ ನಮ್ಮ ದಿವಾನರಿಗಿಂತ ಎತ್ತರವಿದೆ. ಪುತ್ಥಳಿಯಿಂದ ಏನನ್ನೂ ತೆಗೆಯುವಂತಿಲ್ಲ ನಿಜ, ಆದರೆ 'ಸ್ಮಾರಕದ ಗೌರವ ಹೆಚ್ಚಿಸುವ ಸೇರ್ಪಡೆಗೆ ಯಾವ ಅಡ್ಡಿಯೂ ಇರತಕ್ಕದ್ದಲ್ಲ' ಎಂಬ ಕಲಮು ಇದೆ. ಅದರ ಆಧಾರದ ಮೇಲೆ ದಿವಾನರಿಗೆ ಹಿತ್ತಾಳೆಯ ಪೇಟ ತಯಾರಾಯಿತು. ಸುರುಳಿ ಸುರುಳಿಯಾಗಿ ಸುತ್ತಿದ, ಹುತ್ತದಷ್ಟು ದೊಡ್ಡ ಪೇಟ. ಜಯಂತಿಯ ಬೆಳಿಗ್ಗೆ ಕ್ರೇನಿನಲ್ಲಿ ಎತ್ತಿ ಕಲ್ಲಿನ ಪೇಟದ ಮೇಲೆ ಕೂಡಿಸಿದರು. ಕಪ್ಪತಪ್ಪನವರು ನನ್ನ ಮೈಕಿನಲ್ಲಿ, "ಇವತ್ತು ನಮ್ಮ ದಿವಾನರು ಇನ್ನೂ ಎತ್ತರಕ್ಕೆ ಬೆಳೆದಿದ್ದಾರೆ, ಅವರ ಕೃಪೆ ಇನ್ನೂ ದೂರ ಚಾಚಲಿದೆ" ಎಂದು ಗುಡುಗಿದರು. ಅಷ್ಟು ನಿಜವಾದ ಮಾತನ್ನು ಅವರು ನನ್ನ ಮೈಕಿನಲ್ಲಿ ಅದಕ್ಕೆ ಮುಂಚೆ ಆಡಿರಲಿಲ್ಲ.

ಮರುದಿನದ ಕೆಲಸಕ್ಕೆಂದು ಜೆಸಿಬಿ ಅವತ್ತೇ ಬಂದು ಹುಲಿಗೆವ್ವನ ಮನೆಯ ಮುಂದೆ ನಿಂತಿತ್ತು, ಹಲ್ಲು ಗೋಡೆಯ ಕಡೆ ಮಾಡಿಕೊಂಡು. ಅಲ್ಲಿಯ ತನಕ ನೆರಳು ಬರುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ವಿಷಯ. ಡ್ರೈವರು ಜಯಂತಿಯ ಊಟಕ್ಕೆ ಹೋದ. ಒಳಗೆ ಹುಲಿಗೆವ್ವ ಗಂಟು ಕಟ್ಟುತ್ತಿದ್ದಳು.

ದಾವಲಸಾಬ ಸೀಟಿ ಊದಿದ. ಬುಟ್ಟಿ, ಗಾಡಿ, ಕುರ್ಚಿ, ನನ್ನ ಸ್ಪೀಕರ್ ಡಬ್ಬಿ ಎಲ್ಲ ದಡಬಡ ಎದ್ದವು. ನೆರಳು ದಿನದಂತೆ ಉದ್ದವಾಗುತ್ತ ಹಂದರ ದಾಟಿತು, ಸೈಕಲ್ಲು ದಾಟಿತು, ಬಾಗಿಲ ಕಲ್ಲಿನ ಹತ್ತಿರ ಬಂತು. ದಿನವೂ ಅಲ್ಲಿಗೆ ನಿಲ್ಲುತ್ತಿದ್ದದ್ದು ಅವತ್ತು ನಿಲ್ಲಲಿಲ್ಲ. ಕಲ್ಲು ಹತ್ತಿತು. ಜೆಸಿಬಿಯ ಗಾಲಿ ಹತ್ತಿತು, ಅದರ ಹಳದಿ ಬೆನ್ನು ಹತ್ತಿ ಇಳಿಯಿತು. ನಾವು ನೋಡನೋಡುತ್ತಿದ್ದಂತೆ ದಿವಾನರ ಹೆಗಲು, ತಲೆ, ಹುತ್ತದಂಥ ಪೇಟ ಎಲ್ಲ ಹುಲಿಗೆವ್ವನ ಇಟ್ಟಿಗೆ ಗೋಡೆಯ ಮೇಲೆ ಎದ್ದು ನಿಂತವು. ದಾವಲಸಾಬನ ಬಾಯಿಂದ ಸೀಟಿ ಬಿತ್ತು. ಬಿದ್ದ ಸೀಟಿಯನ್ನು ನೆರಳು ಮುಟ್ಟುವುದರೊಳಗೆ ಎತ್ತಿಕೊಳ್ಳಬೇಕೆಂಬ ಎಚ್ಚರವೂ ಅವನಿಗೆ ಉಳಿಯಲಿಲ್ಲ. ಆ ಸೀಟಿ ಇವತ್ತಿಗೂ ಅಲ್ಲೇ ಇದೆ, ಬಿಲ್ಲೆ ಸಮೇತ.

"ಯಕ್ಕಾ, ಹೊರಗ ಬಾ!" ಎಂದು ನಾನು ಕೂಗಿದೆ. "ನಿನ್ನ ಮನಿ ಸ್ಮಾರಕಾತು!"

ಹುಲಿಗೆವ್ವ ಕೈಯಲ್ಲಿ ಗಂಟು ಹಿಡಿದುಕೊಂಡೇ ಹೊರಗೆ ಬಂದಳು. ಗೋಡೆ ನೋಡಿದಳು, ಜೆಸಿಬಿ ನೋಡಿದಳು, ಮತ್ತೆ ಗೋಡೆ ನೋಡಿದಳು. ಸುತ್ತ ನಿಂತವರೆಲ್ಲ ನಗಲೋ ಬೇಡವೋ ಎಂದು ಅವಳ ಮುಖ ನೋಡುತ್ತಿದ್ದರು.

"ಇನ್ನ ನಿನ್ನ ಮನಿ ಯಾರೂ ಮುಟ್ಟಂಗಿಲ್ಲವಾ" ಅಂದ ದಾವಲಸಾಬ.

"ಅಲ್ಲೋ ದಾವಲಣ್ಣಾ" ಅಂದಳು ಹುಲಿಗೆವ್ವ, ಗಂಟಿನ ಮೇಲೇ ಕುಸಿದು ಕೂತು. "ಇವನ ನೆರಳಾಗ ಬದುಕೂ ಗತಿ ಬಂತಲ್ಲೋ ನನಗ." ಆಮೇಲೆ ತಲೆ ಎತ್ತಿ ಗೋಡೆಯ ಮೇಲಿನ ಪೇಟದ ನೆರಳನ್ನೇ ನೋಡುತ್ತ, "ಪೇಟ ಏನೋ ಅದು? ನೀರು ಹೊರಾಕ ಸಿಂಬಿ ಇಟ್ಕೊಂಡಂಗ ಐತಿ" ಅಂದಳು. ನಾವೆಲ್ಲ ನಕ್ಕೆವು. ಅವಳು ನಗಲಿಲ್ಲ.

ಮರುದಿನ ಗೋಡೆಗೂ ಜೆಸಿಬಿಗೂ ಬಿಲ್ಲೆ ಬಂದವು. ಕಪ್ಪತಪ್ಪನವರು ಸ್ಮಾರಕ ಖಾತೆಗೆ ಹೋಗಿ ಟೇಬಲ್ಲು ಗುದ್ದಿದರು. "ಅದರ ಸಾಲದ ಕಂತು ನಿಮ್ಮ ದಿವಾನ ಕಟ್ತಾನೇನ್ರಿ?" ಎಂದರು. ನಿನ್ನೆಯ ತನಕ 'ನಮ್ಮ' ಇದ್ದ ದಿವಾನರು ಒಂದೇ ರಾತ್ರಿಯಲ್ಲಿ 'ನಿಮ್ಮ' ಆಗಿದ್ದರು. ಪೇಟ ಇಳಿಸೋಣವೆಂದರೆ ಅದೂ ಈಗ ಪುತ್ಥಳಿಯೇ. ಜೆಸಿಬಿ ಎತ್ತಿದ ಸೊಂಡಿಲನ್ನು ಇಳಿಸದೆ ನಿಂತೇ ಇತ್ತು. ಹುಲಿಗೆವ್ವ ಬೆಳಗಿನ ಬಿಸಿಲಿಗೆ ಅದರ ಹಲ್ಲಿನ ಮೇಲೆ ಮೆಣಸಿನಕಾಯಿ ಒಣಹಾಕಿ, ಸೀಟಿ ಊದುವ ಮೊದಲು ತೆಗೆದುಕೊಳ್ಳುತ್ತಿದ್ದಳು.

ಒಂದು ದಿನ ಸಾಹೇಬರು ತಾವೇ ನಡೆದುಕೊಂಡು ಬಂದರು, ಹಿಂದೆ ಕಪ್ಪತಪ್ಪನವರು. ಈ ಸಲ ಚಹಾ ಹುಲಿಗೆವ್ವನ ಮನೆಯದು. ಸಾಹೇಬರು ಒಂದು ಬರೆದ ಹಾಳೆ ತೆಗೆದು ಅವಳ ಮುಂದಿಟ್ಟರು. ಇಷ್ಟು ವರ್ಷ ಕಾಯ್ದೆಯಲ್ಲಿ ಇಲ್ಲದಿದ್ದ ಒಂದು ಕಲಮು ಈಗ ಸಿಕ್ಕಿತ್ತಂತೆ. ಪುತ್ಥಳಿಯ ಮನುಷ್ಯನಿಂದ ಅನ್ಯಾಯವಾದವರ ಮನೆಯವರು ಬರೆದುಕೊಟ್ಟರೆ ಆ ಪುತ್ಥಳಿಯನ್ನು ತೆಗೆಯಬಹುದು; ತೆಗೆದ ದಿನವೇ ಅದರ ನೆರಳಿಗೆ ಸಿಕ್ಕಿದ್ದೆಲ್ಲ ಬಿಡುಗಡೆ.

"ನಿಮ್ಮ ಆಯಿಯವರ ವಿಷಯ ಬರೆದೀನಿ" ಅಂದರು ಸಾಹೇಬರು. "ಒಂದು ಹೆಬ್ಬಟ್ಟು ಸಾಕು."

"ಅಯ್ಯ, ಆಯೀದು ಖಾಸಗಿ ಅಂದಿದ್ರಲ್ರಿ?"

"ಅದು ಆವಾಗ."

ಕಪ್ಪತಪ್ಪನವರು ಕುರ್ಚಿಯ ಅಂಚಿಗೆ ಬಂದರು. "ನನಗೂ ಮೊದಲಿಂದ ಆ ಮನುಷ್ಯಾನ ಮ್ಯಾಲ ಸಿಟ್ಟು ಇತ್ತವಾ ಹುಲಿಗೆವ್ವಾ. ಎಂಥಾ ಕಟುಕ ಅಂತೀನಿ! ಬಸುರಿ ಹೆಣಮಗಳನ್ನ ಬಿಸಿಲಿಗೆ ನಿಲ್ಲಸ್ತಾನಂದ್ರ..."

"ಬಸುರಿ ಇದ್ದಿಲ್ರಿ" ಅಂದಳು ಹುಲಿಗೆವ್ವ. "ಆಗಿದ್ದಷ್ಟ ಸಾಕು. ನೀವು ಕೂಡಸಬ್ಯಾಡ್ರಿ."

ಅವಳು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ನನಗೆ ಗೊತ್ತು, ಇಡೀ ಬದುಕು ಕಾದದ್ದು ಇದೇ ಹಾಳೆಗಾಗಿ. "ಬರಕೊಟ್ರ ಇವನ್ನ ಕೀಳ್ತೀರಿ?"

"ಖಂಡಿತ. ಅಗದೀ ಗೌರವದಿಂದ ಕೀಳ್ತೀವಿ. ಹೊಸ ಬಡಾವಣ್ಯಾಗ ಇದರ ಎರಡರಷ್ಟು ಎತ್ತರದ ಪೀಠ ಕಟ್ಟಿ ನಿಲ್ಲಸ್ತೀವಿ."

"ಮತ್ತ ನಿಲ್ಲಸ್ತೀರಿ. ಆ ಪೀಠದ ಮ್ಯಾಲ ನಮ್ಮ ಆಯೀದು ಬರೀತೀರಿ?"

"ಹ್ಯಾಂಗ ಬರಿಯೋದು? ಜಲದಾತ ಅಂತ ಮೊದಲ ಬರದಾಗೇದಲ್ಲ. ಬರಹ ಅಳಸಂಗಿಲ್ಲ."

"ನನ್ನ ಮನಿ?"

ಸಾಹೇಬರು ಚಹಾದ ಲೋಟದೊಳಗೆ ನೋಡಿದರು. "ಪುತ್ಥಳಿ ಹೋದ ಮ್ಯಾಲ ನೆರಳು ಎಲ್ಲಿಂದ ಬರಬೇಕು ಹುಲಿಗೆವ್ವ."

"ವಿಚಾರ ಮಾಡ್ತೀನ್ರಿ" ಅಂದು ಅವಳು ಹಾಳೆ ಇಟ್ಟುಕೊಂಡಳು. ಅವರು ಹೋದ ಮೇಲೆ ಒಲೆಯ ಮುಂದೆ ಕೂತಳು. ನಾನು, "ಏನ್ ಮಾಡ್ತೀಯಕ್ಕಾ?" ಎಂದು ಕೇಳಿದೆ.

"ಹೆಬ್ಬಟ್ಟು ಒತ್ತಿದ್ರ ಇವ ನನ್ನ ಕಣ್ಣ ಮುಂದಿಂದ ಹೋಗ್ತಾನ. ಮನೀನೂ ಹೋಗ್ತೈತಿ. ಒತ್ತಲಿಲ್ಲಂದ್ರ ಮನಿ ಉಳೀತೈತಿ, ದಿನಾ ಸಂಜಿಗೆ ಇವನ ಮಾರಿ ನನ್ನ ಗ್ವಾಡಿ ಮ್ಯಾಲ. ಆಯಿ ಇದ್ದಿದ್ರ ಏನಂತಿದ್ಲೋ!" ಅವಳ ಕಣ್ಣು ಮೂಲೆಯ ಕೊಡದ ಮೇಲೆ ನಿಂತಿತು. ಒಮ್ಮೆಲೇ, "ತಮ್ಮಾ, ಆ ಪೇಟ ಇಡೂ ಮುಂದ ಏನೋ ಕಲಮು ಓದಿದ್ರಲ್ಲ, ಗೌರವದ್ದು. ನೀ ಎಲ್ಲಾ ಬಾಯಿಪಾಠ ಹೇಳ್ತೀಯಲ್ಲ, ಹೇಳು ನೋಡೂಣು" ಅಂದಳು.

ನಾನು ಮೈಕಿನ ದನಿಯಲ್ಲೇ ಒಪ್ಪಿಸಿದೆ: "ಸ್ಮಾರಕದ ಗೌರವ ಹೆಚ್ಚಿಸುವ ಸೇರ್ಪಡೆಗೆ ಯಾವ ಅಡ್ಡಿಯೂ ಇರತಕ್ಕದ್ದಲ್ಲ."

"ಯಾರು ಸೇರಸಬೇಕಂತ ಐತೇನು?"

"ಇಲ್ಲ."

"ಹ್ಞೂಂ" ಅಂದಳು. ಸಾಹೇಬರ ಹಾಳೆ ಆ ಸಂಜೆ ಒಲೆ ಹೊತ್ತಿಸಲು ಉಪಯೋಗಕ್ಕೆ ಬಂತು. ಸರ್ಕಾರಿ ಕಾಗದ ಒಳ್ಳೆಯದಿರುತ್ತದೆ, ಬೇಗ ಹತ್ತಿಕೊಳ್ಳುತ್ತದೆ.

ಆಷಾಢದ ಮೊದಲ ಮೋಡ ಕವಿದ ದಿನ ಊರಿನಲ್ಲಿ ಮೂರು ಕಡೆ ಮದುವೆ. ದಾವಲಸಾಬ ಹೊಸ ಸೀಟಿಯನ್ನು ಗೂಟಕ್ಕೆ ಸಿಗಿಸಿ ಊಟಕ್ಕೆ ಹೋಗಿದ್ದ. ಹುಲಿಗೆವ್ವ ನನ್ನನ್ನು ಮದುವೆಯ ಮೈಕು ಬಿಡಿಸಿ ಎಳೆತಂದಳು, ಏಣಿ ಹಿಡಿ ಅಂದಳು. ತಾನೇ ಹತ್ತಿದಳು. ಗೋಡೆಗೆ ಎರಡು ಕಬ್ಬಿಣದ ಮೊಳೆ ಹೊಡೆದು, ಸಿಮೆಂಟು ಮೆತ್ತಿ, ಆಯಿಯ ತಾಮ್ರದ ಕೊಡವನ್ನು ಅದರ ಮೇಲೆ ಕೂಡಿಸಿದಳು. ಹುಣಸೆಹಣ್ಣು ಹಾಕಿ ತಿಕ್ಕಿದ್ದಳೆಂದು ಕಾಣುತ್ತದೆ, ಕೆಂಪಗೆ ಹೊಳೆಯುತ್ತಿತ್ತು. ಇಳಿದು ಬಂದು ಪುತ್ಥಳಿಯ ಕಡೆ, ಗೋಡೆಯ ಕಡೆ ಒಂದು ಕಣ್ಣು ಮುಚ್ಚಿ ನೋಡಿದಳು. ಮತ್ತೆ ಹತ್ತಿ ಒಂದು ಚೂರು ಎಡಕ್ಕೆ ಸರಿಸಿದಳು. ಆಮೇಲೆ ತಂಬಿಗೆ ತಂಬಿಗೆ ನೀರು ತರಿಸಿ ಅದರ ಕಂಠದ ತನಕ ತುಂಬಿದಳು.

"ಇದು ಏನಂತ ಕೇಳಿದ್ರ ಏನ್ ಹೇಳೂದಕ್ಕಾ?"

"ಗೌರವ ಅಂತ ಹೇಳು."

ಮೋಡ ಸರಿದದ್ದು ಮರುದಿನ ಸಂಜೆ. ದಾವಲಸಾಬ ಸೀಟಿ ಊದಿದ, ಎಲ್ಲರೂ ಸಾಮಾನು ಎತ್ತಿದರು. ಆದರೆ ಯಾರೂ ಮನೆಗೆ ಹೋಗಲಿಲ್ಲ. ರೊಟ್ಟಿಯ ಸಾಲಿನವರ ಕಣ್ಣೆಲ್ಲ ಗೋಡೆಯ ಮೇಲಿತ್ತು. ನೆರಳು ಬಂತು. ಕಲ್ಲು ಹತ್ತಿತು, ಜೆಸಿಬಿ ಹತ್ತಿತು, ಗೋಡೆ ಹತ್ತಿತು. ಹೆಗಲು ಬಂತು, ತಲೆ ಬಂತು. ಸುರುಳಿ ಪೇಟದ ನೆರಳು ಸಿಂಬಿಯ ಹಾಗೆ ಮೇಲೇರಿ ಹೋಗಿ ಸರಿಯಾಗಿ ಕೊಡದ ತಳಕ್ಕೆ ತಾಗಿ ನಿಂತಿತು. ದಿವಾನ್ ಮಾರ್ತಂಡರಾಯರು ತುಂಬಿದ ಕೊಡ ತಲೆಯ ಮೇಲೆ ಹೊತ್ತುಕೊಂಡು, ಕೈ ಮುಂದೆ ಚಾಚಿ, ಹುಲಿಗೆವ್ವನ ಗೋಡೆಯ ಮೇಲೆ ನಿಂತಿದ್ದರು.

ಮೊದಲು ಯಾರೋ ಹಮಾಲ ಸಿಳ್ಳೆ ಹೊಡೆದ. ಆಮೇಲೆ ಚೌಕವೇ ನಗುವುದಕ್ಕೆ ಶುರು ಮಾಡಿತು. ಗದ್ದಲ ಕೇಳಿ ಪುರಸಭೆಯ ಮೆಟ್ಟಿಲು ಇಳಿದು ಸಾಹೇಬರು ಓಡಿಬಂದರು, ಜೊತೆಗೆ ಕಪ್ಪತಪ್ಪನವರು.

"ತೆಗೀ ಅದನ್ನ! ದಾವಲಸಾಬ, ಕೀಳು!"

"ಹ್ಯಾಂಗ ಕೀಳ್ಲಿ ಸಾಹೇಬ್ರ?" ಅಂದ ದಾವಲಸಾಬ ಕೈಕಟ್ಟಿ. "ನೆರಳು ಬಿದ್ದೈತಲ್ರಿ."

ಸಾಹೇಬರು ಕೊಡ ನೋಡಿದರು, ನೆರಳು ನೋಡಿದರು. ಕಾಯ್ದೆಯನ್ನು ಮನಸ್ಸಿನಲ್ಲೇ ಕಲಮು ಕಲಮಾಗಿ ಮಗುಚುತ್ತಿರುವುದು ಅವರ ತುಟಿಯಲ್ಲಿ ಕಾಣುತ್ತಿತ್ತು. ಕಡೆಗೆ ಸೋತ ದನಿಯಲ್ಲಿ, "ಒಂದು ಬಿಲ್ಲೆ ತೊಗೊಂಬಾ" ಅಂದರು.

ಹುಲಿಗೆವ್ವ ಒಲೆಯ ಮುಂದಿನಿಂದ ಎದ್ದು ಬಂದು ಅವರ ಎದುರು ನಿಂತಳು. "ನಮ್ಮ ಆಯಿ ಸರ್ಕಾರಿ ಜಾಗಾದಾಗ ಎಲ್ಲಿದ್ದಾಳ ಅಂತ ಕೇಳ್ತಿದ್ರಲ್ರಿ ಸಾಹೇಬ್ರ" ಅಂದಳು, ಗೋಡೆಯ ಕಡೆ ಕೈ ತೋರಿಸಿ. "ಬಂದಾಳ ನೋಡ್ರಿ. ಚಾ ಕುಡೀತೀರೇನು?"

ಸಾಹೇಬರು ಕುಡಿಯಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಸೂರ್ಯ ತನ್ನ ಪದ್ಧತಿಯಂತೆ ಪಕ್ಕಕ್ಕೆ ಸರಿದ, ದಿವಾನರ ತಲೆಯೂ ಗೋಡೆಯ ಮೇಲೆ ಸರಿಯಿತು. ಇನ್ನು ತಪ್ಪಿಸಿಕೊಂಡ ಅಂದುಕೊಂಡೆವು. ಅಷ್ಟರಲ್ಲಿ ಹಿಂದಿನ ಓಣಿಯ ಹೆಂಗಸರು ಒಬ್ಬೊಬ್ಬರೇ ಬರತೊಡಗಿದರು, ಸೆರಗಿನಲ್ಲಿ ಮುಚ್ಚಿಕೊಂಡು. ಒಬ್ಬಳು ತನ್ನ ಅತ್ತೆಯ ಅತ್ತೆಯದೆಂದು ಹಿತ್ತಾಳೆಯ ಬಿಂದಿಗೆ ತಂದಳು, ಇನ್ನೊಬ್ಬಳು ಸೀಳು ಬಿಟ್ಟ ಮಣ್ಣಿನ ಕೊಡ. ಬಿಸಿಲಿಗೆ ನಿಂತವಳು ಸಾಂವಕ್ಕ ಒಬ್ಬಳೇ ಅಂತ ನಾವೆಲ್ಲ ಹೇಗೆ ತಿಳಿದುಕೊಂಡಿದ್ದೆವೋ! ಈಗ ಗೋಡೆಯ ಈ ತುದಿಯಿಂದ ಆ ತುದಿಗೆ ಕೊಡಗಳ ಸಾಲಿದೆ. ವರ್ಷದ ಯಾವ ಕಾಲದಲ್ಲಿ ಬಂದು ನೋಡಿದರೂ ದಿವಾನರಿಗೆ ಬಿಡುವಿಲ್ಲ. ಪರವೂರಿನವರು ಇದನ್ನು ನೋಡಲೆಂದೇ ಬರುತ್ತಾರೆ, ಬಂದವರು ರೊಟ್ಟಿ ತಿಂದು ಹೋಗುತ್ತಾರೆ. ಮೊನ್ನೆಯ ಜಯಂತಿಯಲ್ಲಿ ಭಾಷಣ ಮಾಡಿದವರೊಬ್ಬರು, ದಿವಾನರು ತಲೆಯ ಮೇಲೆ ನೀರು ಹೊತ್ತು ಬಡವರ ಮನೆಗೆ ತಂದುಕೊಡುತ್ತಿದ್ದರೆಂಬುದಕ್ಕೆ ಆ ಗೋಡೆಯೇ ಸಾಕ್ಷಿ ಅಂದರು. ನಾನು ಮೈಕಿನ ದನಿ ಸ್ವಲ್ಪ ಕಡಿಮೆ ಮಾಡಿದೆ.

ಹುಲಿಗೆವ್ವ ಮಾತ್ರ ಭಾಷಣಕ್ಕೆ ಕಿವಿಗೊಡುವುದಿಲ್ಲ. ದಿನವೂ ಸೀಟಿ ಊದಿದಾಗ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಲ್ಲುತ್ತಾಳೆ. ನೆರಳು ಗೋಡೆ ಹತ್ತಿ ಕೊಡದ ಕೆಳಗೆ ತಲೆ ಕೊಟ್ಟು ನಿಂತ ಮೇಲೆ, ಕುತ್ತಿಗೆಯನ್ನು ಒಂದು ಕಡೆ ವಾಲಿಸಿ ನೋಡುತ್ತ, ಯಾರಿಗೂ ಕೇಳದಷ್ಟು ಸಣ್ಣಗೆ ಹೇಳುತ್ತಾಳೆ:

"ತುಳುಕೀತು ದಿವಾನಾ, ಹುಷಾರು."